ರಗ್ಗಿನ ಗಲ್ಲಪಟ್ಟಿ

ನೀವು ಹೊದ್ದುಕೊಳ್ಳುವ ರಗ್ಗಿನಲ್ಲಿ ಮುಖದ ತುದಿ ಯಾವುದು, ಕಾಲಿನ ತುದಿ ಯಾವುದು ಎಂದು ಹೇಗೆ ಗುರುತಿಸುತ್ತೀರಿ? ಸುಮ್ಮನೆ ಕೇಳುತ್ತಿಲ್ಲ. ನಿನ್ನೆ ನಿಮ್ಮ ಹಿಮ್ಮಡಿಯ ಹತ್ತಿರ ಇದ್ದ ತುದಿ ಇವತ್ತು ಮೂಗಿನ ಕೆಳಗೆ ಬಂದಿಲ್ಲ ಎಂಬುದಕ್ಕೆ ಏನು ಭರವಸೆ? ನೆಂಟರ ಮನೆಗೆ ಹೋದಾಗೆಲ್ಲ ನನಗೆ ಈ ಸಂಶಯ ಬರುತ್ತದೆ. ಒಂದೆರಡು ಕಡೆ ಬಾಯಿಬಿಟ್ಟು ಕೇಳಿಯೂ ಇದ್ದೇನೆ. ಆಮೇಲೆ ಆ ಮನೆಗಳಿಂದ ಕರೆ ಬರುವುದು ಕಡಿಮೆಯಾಯಿತು.

ಮೊನ್ನೆ ಠಾಣೆ ಪಟ್ಟಣದ ಹತ್ತಿರದ ಐರೋಲಿಯ ನಮ್ಮ ಮನೆಗೆ ಮಗಳ ಹೆಸರಿಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಒಳಗೆ ಎರಡು ಉದ್ದನೆಯ ಬಿಳಿ ಬಟ್ಟೆಗಳು. ತಲೆದಿಂಬಿನ ಕವರನ್ನು ಯಾರೋ ಹಿಡಿದು ಎಳೆದು ಉದ್ದ ಮಾಡಿದಂತಿದ್ದವು. "ಅಮ್ಮಾ, ಯೇ ದೇಖೋ, ಬ್ಲ್ಯಾಂಕೆಟ್ ತುದಿಗೆ ಹಾಕೋದು. ನಿಕಾಲ್ ಕೇ ಒಗೀಬಹುದು. ಏಕದಮ್ ನಯಾ ಹೈ," ಎಂದಳು. ನನ್ನ ಮಗಳ ಕನ್ನಡ ಕಲ್ಯಾಣದ ಸ್ಲೋ ಲೋಕಲ್ ರೈಲು ಇದ್ದ ಹಾಗೆ, ನಡುನಡುವೆ ಹಿಂದಿ, ಮರಾಠಿ ಎಂದು ಎಲ್ಲ ಸ್ಟೇಷನ್ನಿನಲ್ಲೂ ನಿಂತೇ ಮುಂದೆ ಹೋಗುತ್ತದೆ. ಅದು ನನಗೆ ಅಭ್ಯಾಸವಾಗಿದೆ. ಆದರೆ 'ನಯಾ', ಹೊಸದು, ಎಂದಳಲ್ಲ, ಅದನ್ನು ಮಾತ್ರ ಸಹಿಸಲು ಆಗಲಿಲ್ಲ. ಇದನ್ನು ಮಾಡಿ ಮಾರುವ ಪುಣ್ಯಾತ್ಮರು ಹುಟ್ಟುವ ಮೊದಲೇ, ಎಪ್ಪತ್ತರ ದಶಕದಲ್ಲೇ, ನನ್ನ ಅಮ್ಮ ಠಾಣೆಯ ಮಾಜಿವಾಡಾದ ಚಾಳಿನಲ್ಲಿ ಕುಳಿತು ಇದನ್ನು ಹೊಲಿದಿದ್ದಳು. ಅದೂ ಹಳೆಯ ಲಂಗದ ಬಟ್ಟೆಯಲ್ಲಿ.

ನಮ್ಮ ಮನೆಯಲ್ಲಿ ಅದರ ಹೆಸರು ಗಲ್ಲಪಟ್ಟಿ. ಗಲ್ಲಕ್ಕೆ ತಾಗುವ ಪಟ್ಟಿ, ಅಷ್ಟೇ ಅರ್ಥ. ರಗ್ಗು ಎಷ್ಟು ಅಗಲವೋ ಅಷ್ಟು ಉದ್ದದ ಬಟ್ಟೆಯನ್ನು ಎರಡಾಗಿ ಮಡಚಿ, ಮುಖದ ಕಡೆಯ ತುದಿಗೆ ಟೊಪ್ಪಿಯ ಹಾಗೆ ತೊಡಿಸಿ, ಟಿಚ್ ಬಟನ್ ಒತ್ತಿದರೆ ಮುಗಿಯಿತು. ಕೊಳೆಯಾದಾಗ ಪಟ್ಟಿಯನ್ನು ಮಾತ್ರ ಬಿಚ್ಚಿ ಒಗೆಯುವುದು. ರಗ್ಗನ್ನು ಮುಟ್ಟುವ ಅಗತ್ಯವೇ ಇಲ್ಲ. ಮುಖದ ತುದಿ ಯಾವುದು ಎಂಬ ಸಂಶಯವೂ ಇಲ್ಲ.

ರಗ್ಗನ್ನೇ ಏಕೆ ಒಗೆಯಬಾರದು ಎಂದು ನೀವು ಕೇಳಬಹುದು. ಹಾಗೆ ಕೇಳುವವರು ನಮ್ಮ ರಗ್ಗನ್ನು ನೋಡಿಲ್ಲ. ಅಪ್ಪ ರಬಾಳೆಯ ಒಂದು ಕಾರ್ಖಾನೆಯ ಕ್ಯಾಂಟೀನು ನೋಡಿಕೊಳ್ಳುತ್ತಿದ್ದರು. ಅಲ್ಲಿ ಯಾವುದೋ ಯಂತ್ರವನ್ನು ಸುತ್ತಿ ತಂದಿದ್ದ ಬೂದು ಬಣ್ಣದ ಉಣ್ಣೆಯ ರಗ್ಗು ಅವರ ಪಾಲಿಗೆ ಬಂದಿತ್ತು. ನೀರು ಕುಡಿದರೆ ಅದನ್ನು ಎತ್ತಲು ಇಬ್ಬರು ಬೇಕು. ಚಾಳಿನ ನಲ್ಲಿಯಲ್ಲಿ ನೀರು ಬರುವುದು ಬೆಳಗ್ಗೆ ಸ್ವಲ್ಪ ಹೊತ್ತು, ಅದೂ ಎಲ್ಲರಿಗೆ ಸೇರಿ. ಹಾಗಾಗಿ ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ರಗ್ಗಿಗೆ ಸ್ನಾನ. ಚುಚ್ಚುವುದಂತೂ ಕೇಳಬೇಡಿ, ಅದನ್ನು ಹೊದ್ದು ಎದ್ದವರ ಮುಖ ನೋಡಿದರೆ ಯಾರೊಂದಿಗೋ ಜಗಳವಾಡಿ ಬಂದಂತೆ ಕಾಣುತ್ತಿತ್ತು. ಠಾಣೆಯಲ್ಲಿ ಅಂಥ ಚಳಿ ಎಲ್ಲಿಯದು ಎಂದೂ ಕೇಳಬೇಡಿ. ನಾವು ಹೊದೆಯುತ್ತಿದ್ದುದು ಚಳಿಗಿಂತ ಹೆಚ್ಚಾಗಿ ಸೊಳ್ಳೆಗೆ. ಸೋಲಾಪುರದ ಚಾದರದೊಳಗೆ ಸೊಳ್ಳೆ ಸೊಂಡಿಲು ತೂರಿಸುತ್ತಿತ್ತು, ಈ ರಗ್ಗಿನೆದುರು ಮಾತ್ರ ಸೋಲುತ್ತಿತ್ತು.

ಮೊದಲ ಗಲ್ಲಪಟ್ಟಿಗೆ ಕಾರಣ ನಾನೇ. ನನಗೆ ಹೊದಿಕೆಯ ಅಂಚನ್ನು ಚೀಪುವ ಅಭ್ಯಾಸ ಇತ್ತು. ಹಸುಗೂಸಾಗಿದ್ದಾಗ ಅಲ್ಲ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ವಯಸ್ಸಿನಲ್ಲಿ. ಒಂದು ಮೂಲೆಯನ್ನು ಬಾಯಲ್ಲಿಟ್ಟುಕೊಂಡರೆ ಸಾಕು, ನಿದ್ದೆ ತಾನಾಗಿ ಬರುತ್ತಿತ್ತು. ರಗ್ಗಿನ ಮೂಲೆಯ ಉಣ್ಣೆ ಸವೆದು ದಾರ ಹೊರಬಂದಾಗ ಅಮ್ಮ ಒಂದು ಪಟ್ಟಿ ಹೊಲಿದು, ಅದರ ಮೂಲೆಗೆ ಬೇವಿನೆಣ್ಣೆ ಹಚ್ಚಿದಳು. ಒಂದು ವಾರ ಮುಖ ಕಿವುಚಿದೆ. ಎರಡನೇ ವಾರದಿಂದ ಬೇವಿನೆಣ್ಣೆಯ ರುಚಿ ಹತ್ತಿತು. ಅಮ್ಮ ಕೈಚೆಲ್ಲಿದಳು. ಇವತ್ತಿಗೂ ಬೇವಿನ ವಾಸನೆ ಬಂದರೆ ನನಗೆ ಆಕಳಿಕೆ ಬರುತ್ತದೆ.

ಎರಡನೆಯ ಪಟ್ಟಿ ರಘು ಬಾವನದ್ದು. ಅವನು ನನ್ನ ಸೋದರತ್ತೆಯ ಮಗ, ಠಾಣೆ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ, ಮಲಗಲು ನಮ್ಮ ಮನೆಗೆ ಬರುತ್ತಿದ್ದ. ಅವನ ತಲೆಯ ಎಣ್ಣೆಯಲ್ಲಿ ಒಂದು ಮನೆಯ ಒಗ್ಗರಣೆ ಆಗಬಹುದಿತ್ತು. ಅವನು ಬಂದ ಮೇಲೆ ರಗ್ಗು ಅವನಿಗೆ, ಚಾದರ ನಮಗೆ ಎಂದಾಯಿತು. ಅವನ ಪಟ್ಟಿ ಹೊಲಿಯುವಾಗ ಬಟನ್ನುಗಳ ಅಂತರ ಅಳೆದುಕೊಟ್ಟದ್ದು ಅಪ್ಪ. ರಗ್ಗಿನ ಮೇಲಿನ ಬಟನ್ನುಗಳು ಅಮ್ಮನ ಗೇಣಿನ ಲೆಕ್ಕದಲ್ಲಿದ್ದವು, ಪಟ್ಟಿಯ ಮೇಲಿನವು ಅಪ್ಪನ ಗೇಣಿನ ಲೆಕ್ಕದಲ್ಲಿ. ಎಲ್ಲ ಬಟನ್ ಒತ್ತಿದ ಮೇಲೆ ಸರಿಯಾಗಿ ನಡುಮಧ್ಯದಲ್ಲಿ, ಮೂಗಿನ ಕೆಳಗೆ, ಬಟ್ಟೆ ಒಂದು ಇಡ್ಲಿಯಷ್ಟು ಉಬ್ಬಿ ನಿಂತಿತು. ಬಿಚ್ಚಿ ಹೊಲಿಯಲು ಅಮ್ಮನಿಗೆ ಪುರಸೊತ್ತಾಗಲಿಲ್ಲ. ತನ್ನ ಮೀಸೆ ಸರಿಯಾಗಿ ಬರದಿರುವುದಕ್ಕೆ ಆ ಉಬ್ಬೇ ಕಾರಣ ಎಂದು ರಘು ಬಾವ ಮದುವೆಯಾಗುವವರೆಗೂ ಹೇಳುತ್ತಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಮಾಡಿದವನು ಚಾಳಿನಲ್ಲಿ ಇದ್ದವನಲ್ಲ. ಚಾಳಿನಲ್ಲಿ ಪಕ್ಕದವನು ಕಾಲು ಮಡಚಿದ್ದಾನೋ ಇಲ್ಲವೋ ಎಂದು ನೋಡಿಕೊಂಡು ಕಾಲು ಚಾಚಬೇಕು. ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಅಮ್ಮನ ಹಳೆಯ ಸೀರೆಯ ಪರದೆ. ಅಷ್ಟರಲ್ಲಿ ಅಪ್ಪ ಒಂದು ದಿನ ಬೆಳಗ್ಗೆ ಇನ್ನೊಬ್ಬನನ್ನು ಕರೆದುಕೊಂಡು ಬಂದರು. ಅವನೇ ಸಂಗಪ್ಪ. ವಿಜಯಪುರದ ಕಡೆಯವನು, ಅಪ್ಪನ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿ ಲಾರಿಗೆ ಮಾಲು ತುಂಬುತ್ತಿದ್ದ. ತುರ್ಭೆಯಲ್ಲಿ ಅವನಿದ್ದ ಜೋಪಡಿಯನ್ನು ಯಾವುದೋ ಪೈಪು ಹಾಕಲೆಂದು ಕಿತ್ತುಹಾಕಿದ್ದರು. ಆ ಗಡಿಬಿಡಿಯಲ್ಲಿ ಅವನ ಕೌದಿಯೂ ಹೋಗಿತ್ತು. ಕೌದಿ ಎಂದರೆ ಕರಾವಳಿಯವರಾದ ನಮಗೆ ಗೊತ್ತಿರಲಿಲ್ಲ. ಹಳೆಯ ಸೀರೆ ತುಂಡುಗಳನ್ನು ಜೋಡಿಸಿ ಹೊಲಿದ ದಪ್ಪ ಹೊದಿಕೆ ಎಂದು ಅವನೇ ಹೇಳಿದ. ಹೇಳುವಾಗ ಅವನ ಮುಖ ಸಣ್ಣದಾಗಿತ್ತು, ಅದನ್ನು ಅವನ ತಾಯಿ ಹೊಲಿದಿದ್ದರಂತೆ.

"ಹೋಳಿಯವರೆಗೆ ಒಂದು ದಿನವೂ ತಪ್ಪದೆ ಬಂದರೆ ಕಾಯಂ ಮಾಡ್ತೇನೆ ಅಂತ ಕೂಲಿಯವರ ಮುಕಾದಮ ಹೇಳಿದ್ದಾನೆ," ಎಂದು ಅಪ್ಪ ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದರು. "ಮಲಗಲಿಕ್ಕೆ ಜಾಗ ಇಲ್ಲದಿದ್ರೆ ಅವ ಊರಿಗೆ ಹೋಗ್ತಾನೆ. ಹೋದರೆ ಕೆಲಸ ಹೋಯ್ತು. ಮದುವೆ ಆಗಿ ಒಂದು ವರ್ಷ, ಹೆಂಡತಿಯನ್ನು ಕರ್ಕೊಂಡು ಬರ್ಲಿಕ್ಕೂ ಆಗ್ಲಿಲ್ಲ ಪಾಪ. ಹಗಲು ಮಲಗುವವ ಅಲ್ವಾ, ರಘುವಿನ ಜಾಗವೇ ಉಂಟಲ್ಲ."

ಹೀಗೆ ಒಂದೇ ಚಾಪೆ, ಒಂದೇ ರಗ್ಗು, ರಾತ್ರಿ ರಘು ಬಾವನಿಗೆ, ಹಗಲು ಸಂಗಪ್ಪನಿಗೆ ಎಂದಾಯಿತು. ಅಮ್ಮ ಮೂರನೆಯ ಪಟ್ಟಿಗೆ ಬಟ್ಟೆ ಹುಡುಕುತ್ತಿದ್ದಾಗ ಸಂಗಪ್ಪ ತನ್ನ ಗಂಟು ಬಿಚ್ಚಿದ. ಗಂಟು ಕಟ್ಟಿದ್ದ ಬಟ್ಟೆಯೇ ಒಂದು ಇಳಕಲ್ ಸೀರೆಯ ಸೆರಗಿನ ತುಂಡು, ಕೆಂಪು. "ಇದರಾಗ ಮಾಡ್ರಿ ಅಕ್ಕಾರ," ಎಂದ. ಯಾರ ಸೀರೆ ಎಂದು ಅಮ್ಮ ಕೇಳಲಿಲ್ಲ. ಅವನ ಕಿವಿ ಕೆಂಪಾದದ್ದು ನೋಡಿದರೆ ಗೊತ್ತಾಗುತ್ತಿತ್ತು.

ಗೋಡೆಯ ಮೇಲೆ ಅಮ್ಮ ಸಾಲಾಗಿ ಮೊಳೆ ಹೊಡೆದಿದ್ದಳು. ಎದ್ದವರು ತಮ್ಮ ಪಟ್ಟಿಯನ್ನು ಬಿಚ್ಚಿ ತಮ್ಮ ಮೊಳೆಗೆ ತೂಗುಹಾಕಬೇಕು, ಮಲಗುವವರು ತಮ್ಮದನ್ನು ತೊಡಿಸಿಕೊಳ್ಳಬೇಕು. ಇದು ನಮ್ಮ ಮನೆಯ ಕಾಯಿದೆ. ಬೆಳಗ್ಗೆ ರಘು ಬಾವ ಹೊರಡುವಾಗ ಒಮ್ಮೆ ಟಿಚ್ ಟಿಚ್ ಎಂದು ಸದ್ದು, ಸಂಗಪ್ಪ ಬಂದು ಮಲಗುವಾಗ ಇನ್ನೊಮ್ಮೆ. ಆ ಸದ್ದಿನಲ್ಲಿ ನಮ್ಮ ಬೆಳಗು ಶುರುವಾಗುತ್ತಿತ್ತು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಉಡುಪಿಯ ಹತ್ತಿರದ ನಮ್ಮ ಊರಿನಿಂದ ಅಜ್ಜಿ ಬಂದಳು. ಅಪ್ಪನ ಅಮ್ಮ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಒಂದಕ್ಕೆ ಠಾಣೆಯಲ್ಲಿ ಆಪರೇಷನ್ ಮಾಡಿಸುವುದೆಂದು ಅಪ್ಪ ಕರೆಸಿಕೊಂಡಿದ್ದರು.

ಅಜ್ಜಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು, ಎಂಜಲಾದದ್ದು ಮತ್ತು ಆಗದ್ದು. ನೀರಿನ ಚೆಂಬನ್ನು ತುಟಿಗೆ ತಾಗಿಸದೆ ಎತ್ತರದಿಂದ ಸುರಿದುಕೊಂಡು ಕುಡಿಯುವುದನ್ನು ನಮಗೆಲ್ಲ ಕಲಿಸಿದವಳು ಅವಳು. ಕಲಿಯುವಾಗ ನನ್ನ ಮೂಗಿನೊಳಗೆ ಹೋದ ನೀರಿನಲ್ಲಿ ಒಂದು ತುಳಸಿ ಗಿಡ ಬದುಕಬಹುದಿತ್ತು. ಸಾರಿನ ರುಚಿ ನೋಡಲು ಸೌಟಿನಿಂದ ಅಂಗೈಗೆ ಬಿಟ್ಟುಕೊಳ್ಳಬೇಕು, ಸೌಟಿಗೆ ನಾಲಗೆ ತಾಗಿದರೆ ಇಡೀ ಸಾರು ಹೋಯಿತು. ಅಂಥವಳು ಬಂದು ಕುಳಿತು, ಇನ್ನೂ ಪ್ರಯಾಣದ ಸೀರೆ ಬದಲಿಸುವ ಮೊದಲೇ, ಪರದೆಯ ಆಚೆ ಮಲಗಿದ್ದವನ ಗೊರಕೆ ಕೇಳಿದಳು.

"ಯಾರದು?"

ಅಪ್ಪ ಹೇಳಿದರು.

"ರಾತ್ರಿ ರಘು ಹೊದ್ದದ್ದನ್ನು ಹಗಲು ಅವ ಹೊದೆಯುವುದಾ?" ಎಂದಳು ಅಜ್ಜಿ. ನಮ್ಮ ಮನೆಮಾತು ತುಳು. ಅವಳು ಹೇಳಿದ್ದು ತುಳುವಿನಲ್ಲಿಯೇ, ನಾನು ನಿಮಗಾಗಿ ಕನ್ನಡ ಮಾಡುತ್ತಿದ್ದೇನೆ. "ಹೊದಿಕೆ ಬಾಯಿಗೆ ತಾಗುವುದಿಲ್ಲವಾ? ನಿದ್ದೆಯಲ್ಲಿ ಜೊಲ್ಲು ಸೋರುವುದಿಲ್ಲವಾ? ಒಬ್ಬರ ಎಂಜಲು ಇನ್ನೊಬ್ಬರು ಹೊದೆಯುವ ಮನೆಯಲ್ಲಿ ನಾನು ನೀರು ಕುಡಿಯುವುದು ಹೇಗೆ?"

ಅಮ್ಮ ಅತ್ತೆಗೆ ಎದುರಾಡಿದವಳಲ್ಲ. ಆ ದಿನ ಮಾತ್ರ ಮೊಳೆಯಿಂದ ಒಂದು ಪಟ್ಟಿ ತೆಗೆದು ಅಜ್ಜಿಯ ಕೈಗೆ ಕೊಟ್ಟಳು. "ಬಾಯಿಗೆ ತಾಗುವುದು ಇದು ಮಾತ್ರ ಅತ್ತೆ. ಅವರವರದ್ದು ಅವರವರಿಗೆ. ಬಟ್ಟಲು ಎಂಜಲಾದರೆ ತೊಳೆದು ಇಡುವುದಿಲ್ಲವಾ? ಹಾಗೇ ಇದು."

ಅಜ್ಜಿ ಪಟ್ಟಿಯನ್ನು ತುದಿಯಿಂದ ತುದಿಗೆ ಮುಟ್ಟಿ ನೋಡಿದಳು. ಬಟನ್ ಬಿಚ್ಚಿದಳು, ಒತ್ತಿದಳು. ಅವಳಿಗೆ ತಪ್ಪು ಸಿಗಲಿಲ್ಲ, ಅದು ಅವಳಿಗೆ ಇಷ್ಟವಾಗಲಿಲ್ಲ. ಕೊನೆಗೆ ತೀರ್ಪು ಕೊಟ್ಟಳು. "ನನಗೀಗ ಕಣ್ಣಿಲ್ಲ. ಕಣ್ಣು ಬರಲಿ, ನಾನೇ ರಗ್ಗು ನೋಡ್ತೇನೆ. ಅದರ ಮೇಲೆ ಒಂದು ಕಲೆ ಕಂಡರೆ, ಕಲೆ ಮಾಡಿದವ ಈ ಮನೆಯಿಂದ ಹೋಗ್ಬೇಕು. ಆಯ್ತಾ?"

ಅಪ್ಪ ಅಮ್ಮನ ಮುಖ ನೋಡಿದರು. ಆಯ್ತು ಎನ್ನದೆ ಬೇರೆ ದಾರಿ ಇರಲಿಲ್ಲ. ರಘು ಬಾವ ನೆಂಟ, ಅವನನ್ನು ಯಾರೂ ಕಳಿಸುವುದಿಲ್ಲ. ಹೋಗುವುದಾದರೆ ಯಾರು ಎಂದು ಪರದೆಯ ಆಚೆ ಗೊರಕೆ ನಿಲ್ಲಿಸಿ ಮಲಗಿದ್ದವನಿಗೆ ತುಳು ಬಾರದಿದ್ದರೂ ಅರ್ಥವಾಗಿತ್ತು. ಅವತ್ತಿನಿಂದ ಸಂಗಪ್ಪ ರಗ್ಗನ್ನು ಹೊದೆಯುವುದು ನೋಡಬೇಕಿತ್ತು. ಕೆಲಸದಿಂದ ಬಂದು ತಿಕ್ಕಿ ತಿಕ್ಕಿ ಕಾಲು ತೊಳೆಯುತ್ತಿದ್ದ, ಚಹಾವನ್ನು ಹೊರಗಿನ ಕಟ್ಟೆಯ ಮೇಲೆ ಕುಡಿಯುತ್ತಿದ್ದ, ಮಲಗಿದರೆ ಮಗ್ಗುಲು ಬದಲಿಸುತ್ತಿರಲಿಲ್ಲ.

ಅಮ್ಮ ಅಜ್ಜಿಗೂ ಒಂದು ಪಟ್ಟಿ ಹೊಲಿದಳು. ಅಜ್ಜಿಯದೇ ಹಳೆಯ ಬಿಳಿ ಮಲ್‌ಮಲ್ ಬಟ್ಟೆಯದು. "ನನಗೆ ನನ್ನ ಹೊದಿಕೆ ಉಂಟು," ಎಂದು ಅಜ್ಜಿ ಊರಿನಿಂದ ತಂದಿದ್ದ ತೆಳ್ಳನೆಯ ಹತ್ತಿಯ ಹೊದಿಕೆಯನ್ನು ಅಪ್ಪಿಕೊಂಡಳು. ಮಲ್‌ಮಲ್ ಪಟ್ಟಿ ಕೊನೆಯ ಮೊಳೆಯಲ್ಲಿ ಮಡಿಕೆ ಮುರಿಯದೆ ತೂಗಿತು.

ಆಪರೇಷನ್ ಆಯಿತು. ಆಸ್ಪತ್ರೆಯಿಂದ ಬಂದ ಮೇಲೂ ಕಣ್ಣಿಗೆ ದಪ್ಪ ಪಟ್ಟಿ. ಇನ್ನೊಂದು ಕಣ್ಣು ಹೇಗೂ ಮಂಜು. ಅಲುಗಾಡಬಾರದು, ಕೆಮ್ಮಬಾರದು, ಅಳಬಾರದು, ನಗಬಾರದು ಎಂದು ಡಾಕ್ಟರು ಹೇಳಿದ್ದರು. ಮೊದಲ ಮೂರು ಕಷ್ಟ, ನಾಲ್ಕನೆಯದು ಅಜ್ಜಿಗೆ ಸುಲಭ ಎಂದು ನಾವೆಲ್ಲ ತಿಳಿದಿದ್ದೆವು. ನಾವು ಅವಳು ನಕ್ಕದ್ದನ್ನು ನೋಡಿರಲಿಲ್ಲ.

ನನಗೆ ಬೆಳಗಿನ ಶಾಲೆ. ಮಧ್ಯಾಹ್ನ ಮನೆಗೆ ಬಂದರೆ ಪರದೆಯ ಈಚೆ ಅಜ್ಜಿ, ಆಚೆ ಸಂಗಪ್ಪ, ಇಬ್ಬರಿಗೂ ನಿದ್ದೆ ಇಲ್ಲ. ಅಜ್ಜಿಯ ಕನ್ನಡ ತಾಳಮದ್ದಳೆ ಕೇಳಿ ಕಲಿತದ್ದು, ಅದರಲ್ಲಿ ರಾಜರು ಮಂತ್ರಿಗಳು ಮಾತ್ರ ಮಾತನಾಡಬಹುದು.

"ಎಲೈ ಸಂಗಪ್ಪಾ, ನಿನ್ನ ದೇಶದಲ್ಲಿ ತೆಂಗಿನ ಮರಗಳು ಇಲ್ಲವೋ?"

"ಇಲ್ರಿ ಅಜ್ಜಿ."

"ಹಾಗಾದರೆ ಪಲ್ಯಕ್ಕೆ ಏನನ್ನು ಹಾಕುವಿರಿ?"

"ಶೇಂಗಾ ಪುಡಿ ಹಾಕ್ತೇವ್ರಿ."

ಆ ದುರಂತಕ್ಕೆ ಅಜ್ಜಿ ಲೊಚಗುಟ್ಟಿದಳು. "ನಿನಗೆ ಮಡದಿ ಇರುವಳೋ?"

"ಅದಾಳ್ರಿ. ನೀಲವ್ವ ಅಂತ."

"ಅವಳ ಸೀರೆಯನ್ನು ಗಲ್ಲಕ್ಕೆ ಕಟ್ಟಿಕೊಂಡು ಮಲಗುವಿಯಂತೆ. ಮೊಮ್ಮಗಳು ಹೇಳಿದಳು."

ಪರದೆಯ ಆಚೆಯಿಂದ ಮೆಲ್ಲನೆ ಬಂತು, "ಆಕಿ ಇಲ್ಲಿ ಬರೂತನಕ ಇದರ ಇರ್ಲಿ ಅಂತ್ರಿ. ಹೋದ ಸರ್ತಿ ಊರಿಗೆ ಹೋದಾಗ ಹೇಳದನ ಕತ್ತರಿಸ್ಕೊಂಡು ಬಂದೀನ್ರಿ. ಗೊತ್ತಾದ್ರ ಹೊಡೀತಾಳ."

ಅಜ್ಜಿ ನಕ್ಕುಬಿಟ್ಟಳು. ಅಮ್ಮ ಅಡುಗೆಮನೆಯಿಂದ ಓಡಿ ಬಂದು, "ಸಂಗಪ್ಪ, ನಗಿಸ್ಬೇಡಿ ಮಾರಾಯ್ರೆ, ಕಣ್ಣಿನ ಹೊಲಿಗೆ ಬಿಚ್ಚಿದರೆ ಯಾರು ಹೊಣೆ?" ಎಂದು ಗದರಿದಳು. ಅಜ್ಜಿ ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡು ಮುಖ ಗಟ್ಟಿ ಮಾಡಿಕೊಂಡಳು. ಹಾಗೆಂದು ತೀರ್ಪು ಸಡಿಲವಾಯಿತು ಎಂದು ತಿಳಿಯಬೇಡಿ. ಸಂಜೆ ಅಪ್ಪ ಬಂದಾಗ, "ಹುಡುಗ ಒಳ್ಳೆಯವ. ಆದರೆ ಮಾತು ಮಾತೇ," ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ ಅಮ್ಮ ಸೀಮೆಎಣ್ಣೆಯ ಸಾಲಿನಲ್ಲಿ ನಿಲ್ಲಲು ಹೋಗಿದ್ದ ಒಂದು ಮಧ್ಯಾಹ್ನ ಅಜ್ಜಿಗೆ ಚಳಿಜ್ವರ ಬಂತು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ಅವಳ ಹಲ್ಲು ಕಟಕಟ ಎನ್ನುವುದು ಬಾಗಿಲಿಗೇ ಕೇಳಿಸಿತು. ಹೆದರಿ ಅಲ್ಲೇ ನಿಂತೆ. ಪರದೆಯ ಆಚೆಯಿಂದ ಸಂಗಪ್ಪ, "ಅಜ್ಜಿ, ನಡಗಾಕತ್ತೀರೇನ್ರಿ?" ಎಂದ. ಅವನು ಎದ್ದ. ಮೈಮೇಲಿನ ರಗ್ಗನ್ನು ಎತ್ತಿಕೊಂಡು ಒಂದೇ ಹೆಜ್ಜೆಯಲ್ಲಿ ಈಚೆ ಬಂದ. ಹೊದಿಸಲು ಬಗ್ಗಿದವನು ತಟ್ಟನೆ ನಿಂತ. ಗೋಡೆಯ ಕಡೆ ತಿರುಗಿ ತನ್ನ ಕೆಂಪು ಪಟ್ಟಿಯನ್ನು ಬಿಚ್ಚಿದ. ಕೊನೆಯ ಮೊಳೆಯಿಂದ ಮಲ್‌ಮಲ್ ಪಟ್ಟಿ ತೆಗೆದು ತೊಡಿಸಿದ. ಅವನ ಕೈ ಲಾರಿಗೆ ಮೂಟೆ ಎತ್ತುವ ಕೈ, ಆ ಪುಟ್ಟ ಬಟನ್ನುಗಳು ಬೆರಳಿಗೆ ಸಿಗದೆ ಜಾರುತ್ತಿದ್ದವು. ಅಜ್ಜಿ ನಡುಗುತ್ತಲೇ ಇದ್ದಳು, ಅವನು ಒಂದನ್ನೂ ಬಿಡದೆ ಒತ್ತಿದ. ಟಿಚ್, ಟಿಚ್. ಆಮೇಲೆ ಅದನ್ನು ಅವಳ ಕುತ್ತಿಗೆಯವರೆಗೆ ಎಳೆದು ಹೊದಿಸಿ, ತಾನು ಬರಿಮೈಯಲ್ಲಿ ಬಾಗಿಲ ಹೊರಗೆ ಹೋಗಿ ಕುಳಿತ. ನನಗೆ, "ಅವ್ವಾರನ್ನ ಕರಕೊಂಡ್ ಬಾರವಾ ತಂಗಿ," ಎಂದ. ನಾನು ಓಡಿದೆ.

ಅಮ್ಮ ಬಂದು ಶುಂಠಿ ಕಷಾಯ ಕಾಸಿದಳು. ಕರಿಮೆಣಸು, ಬೆಲ್ಲ, ಅರಸಿನ ಎಲ್ಲ ಹಾಕಿ. ಕುಡಿಸುವಾಗ ಅಜ್ಜಿಯ ಕೈ ತಾಗಿ ಲೋಟ ಅಲುಗಿತು, ಅರ್ಧ ಲೋಟ ಕಷಾಯ ಪಟ್ಟಿಯನ್ನು ದಾಟಿ ರಗ್ಗಿನ ನಡುವಿಗೇ ಬಿತ್ತು. ಜ್ವರದ ಗುಂಗಿನಲ್ಲಿ ಅಜ್ಜಿಗೆ ತಿಳಿಯಲಿಲ್ಲ ಎಂದು ನಮ್ಮ ಲೆಕ್ಕ.

ಜ್ವರ ಎರಡು ದಿನದಲ್ಲಿ ಬಿಟ್ಟಿತು. ಕಲೆ ಬಿಡಲಿಲ್ಲ. ಅಮ್ಮ ಸೋಪು ಹಾಕಿದಳು, ನಿಂಬೆ ಹಚ್ಚಿದಳು, ಬಿಸಿಲಿಗೆ ಹಾಕಿದಳು. ಬೂದು ಬಣ್ಣದ ಮೇಲೆ ಅರಸಿನದ ಕಂದು ಕಲೆ, ಅಂಗೈ ಅಗಲ, ದಿನದಿನಕ್ಕೆ ಇನ್ನೂ ಚೆನ್ನಾಗಿ ಕಾಣಿಸತೊಡಗಿತು. ಇದು ಅಜ್ಜಿಯದೇ ಕಲೆ ಎಂದು ಹೇಳಿದರೆ ಮುಗಿಯುತ್ತಿತ್ತಲ್ಲ ಎಂದು ನಿಮಗೆ ಅನಿಸಬಹುದು. ನಮ್ಮ ಮನೆಯಲ್ಲಿ ಅಜ್ಜಿಗೆ ಹಾಗೆ ಹೇಳುವವರು ಹುಟ್ಟಿರಲಿಲ್ಲ. ಅಪ್ಪನಂತೂ, "ಅಮ್ಮನಿಗೆ ಹೇಗೆ ಹೇಳುವುದು, ನಿನ್ನಿಂದಲೇ ಆದದ್ದು ಅಂತ?" ಎನ್ನುತ್ತ ಮೊಳೆಗಳ ಸಾಲನ್ನೇ ನೋಡುತ್ತಿದ್ದರು.

ಕನ್ನಡಕ ಬಂತು. ಆ ಕಾಲದಲ್ಲಿ ಪೊರೆ ತೆಗೆದವರಿಗೆ ಕೊಡುತ್ತಿದ್ದ ಕನ್ನಡಕ, ಸೋಡಾ ಬಾಟಲಿಯ ತಳದಷ್ಟು ದಪ್ಪ, ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುವಂಥದ್ದು. ಅಜ್ಜಿ ಅದನ್ನು ಹಾಕಿಕೊಂಡು ಮೊದಲು ನನ್ನನ್ನು ನೋಡಿ, "ಇವಳ ಹಲ್ಲು ಇಷ್ಟು ದೊಡ್ಡದಾ?" ಎಂದಳು. ಆಮೇಲೆ ಅಮ್ಮನ ಗಲ್ಲ ಹಿಡಿದು, "ಬಡವಾಗಿದ್ದಿ," ಎಂದಳು. ಆಮೇಲೆ ಸಂಗಪ್ಪನನ್ನು ಕರೆದಳು. ಅವನು ಬಂದು ಕೈಕಟ್ಟಿ ನಿಂತ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಗೊರಕೆ ಕೇಳಿ ಅವಳು ಯಾವ ಭೀಮನನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳೋ.

"ಎಲ್ಲವನ್ನೂ ದೊಡ್ಡದಾಗಿ ತೋರುವ ಈ ಕನ್ನಡಕದಲ್ಲಿಯೂ ನೀನು ಇಷ್ಟೇ ಕಾಣುವಿಯಲ್ಲ," ಎಂದಳು. ಆಮೇಲೆ, "ರಗ್ಗನ್ನು ತಾ."

ಅಮ್ಮ ಒಲೆ ಆರಿಸಿ ಬಂದು ನಿಂತಳು. ರಗ್ಗನ್ನು ನೆಲದ ಮೇಲೆ ಹಾಸಿದರು. ಅಜ್ಜಿ ಮೊದಲು ಮುಖದ ಅಂಚನ್ನು ನೋಡಿದಳು. ಅಷ್ಟು ದಿನ ಇಬ್ಬರು ಗಂಡಸರು ಹೊದ್ದಿದ್ದ ಅಂಚು, ಅಮ್ಮ ಬಟನ್ ಹೊಲಿದ ದಿನ ಹೇಗಿತ್ತೋ ಹಾಗೆ ಇತ್ತು. ರಘು ಬಾವನ ಎಣ್ಣೆಯೂ ದಾಟಿರಲಿಲ್ಲ. ಅಜ್ಜಿ ತಲೆ ಆಡಿಸಿದಳು. ಆಮೇಲೆ ಬೆರಳು ಸರಿಯುತ್ತ ನಡುವಿಗೆ ಬಂದು ಕಲೆಯ ಮೇಲೆ ನಿಂತಿತು.

"ಇದು ಏನು?"

ಅಪ್ಪ ಗಂಟಲು ಸರಿಮಾಡಿಕೊಂಡರು, ಅದರಾಚೆ ಅವರಿಂದ ಆಗಲಿಲ್ಲ. ಆಗ ಸಂಗಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಅದು ನನ್ನಿಂದ ಆಗೈತ್ರಿ ಅಜ್ಜಿ. ಚಾ ಚೆಲ್ಲಿತ್ತು. ನಾ ಹೋಗ್ತೀನ್ರಿ." ಎಂದವನು ಮೊಳೆಯಿಂದ ಕೆಂಪು ಪಟ್ಟಿ ತೆಗೆದು ಮಡಚತೊಡಗಿದ.

ಅಜ್ಜಿ ಮೂಗನ್ನು ಕಲೆಯ ಹತ್ತಿರ ಒಯ್ದಳು. ನಿಧಾನವಾಗಿ ಎದ್ದು ಕುಳಿತಳು. "ಚಹಾಕ್ಕೆ ಅರಸಿನ ಹಾಕುವವರು ನಿನ್ನ ದೇಶದಲ್ಲಿ ಇರುವರೋ?" ಎಂದಳು. ಆಮೇಲೆ ಮಗನ ಕಡೆ ತಿರುಗಿ ತುಳುವಿನಲ್ಲಿ, "ಶುಂಠಿ ಕಷಾಯ ಕುಡಿದದ್ದು ಈ ಮನೆಯಲ್ಲಿ ನಾನೊಬ್ಬಳೇ. ನನಗೆ ಜ್ವರ ಬಂದಿತ್ತು, ಬುದ್ಧಿ ಹೋಗಿರಲಿಲ್ಲ. ಅವತ್ತು ಇವ ಬಟನ್ ಹಾಕುವ ಸದ್ದು ನಾನು ಕೇಳಿದ್ದೇನೆ. ನಾನು ಸಾಯ್ತಾ ಇದ್ದರೂ ನನ್ನ ಪಟ್ಟಿ ಹಾಕಿಯೇ ಹೊದಿಸುವವ ಇವ. ಇವನಿಗಿಂತ ಮಡಿಯವ ಈ ಮನೆಯಲ್ಲಿ ಯಾರು ಉಂಟು?"

ಅಪ್ಪ ಕಣ್ಣೊರೆಸಿಕೊಂಡರು. ಎಲ್ಲ ಮುಗಿಯಿತು ಎಂದು ಅಮ್ಮ ಒಲೆಯ ಕಡೆ ತಿರುಗಿದಳು. ಅಜ್ಜಿಯ ಮಾತು ಮುಗಿದಿರಲಿಲ್ಲ.

"ಆದರೆ ಮಾತು ಮಾತೇ. ಕಲೆ ಮಾಡ್ದವರು ಹೋಗ್ಬೇಕು ಅಂತ ಹೇಳಿದ್ದು ನಾನೇ. ನಾಡಿದ್ದಿನ ಊರಿನ ಬಸ್ಸಿಗೆ ನನಗೆ ಟಿಕೇಟು ಮಾಡಿಸು."

ಅಪ್ಪ ಬೇಡಿಕೊಂಡರು, ಅಮ್ಮ ಅತ್ತಳು, ಸಂಗಪ್ಪ ಕಾಲು ಹಿಡಿಯಲು ಹೋಗಿ ಬೈಸಿಕೊಂಡ. ಅಜ್ಜಿ ಬಗ್ಗಲಿಲ್ಲ. ಹೊರಡುವ ದಿನ ತನ್ನ ಹತ್ತಿಯ ಹೊದಿಕೆ ಮಡಚಿ ಚೀಲಕ್ಕೆ ಹಾಕಿದಳು. ಮಲ್‌ಮಲ್ ಪಟ್ಟಿಯನ್ನು ಅಮ್ಮ ಒಗೆದು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ತಾನೇ ಎದ್ದು, ಹೊಸ ಕಣ್ಣಿನಿಂದ ಮೊಳೆ ಹುಡುಕಿ, ಅದರ ಜಾಗದಲ್ಲೇ ತೂಗುಹಾಕಿದಳು.

"ಬರುವವರಿಗೆ ಇರಲಿ," ಎಂದಳು. ಬೇರೆಯವರು ಕುಡಿದ ಲೋಟವನ್ನು ಮೂರು ಸಲ ತೊಳೆಯುತ್ತಿದ್ದವಳ ಬಾಯಲ್ಲಿ ಆ ಮಾತು ಬಂತು. ಬಾಗಿಲು ದಾಟುವಾಗ ಸಂಗಪ್ಪನಿಗೆ ತಾಳಮದ್ದಳೆಯ ಕನ್ನಡದಲ್ಲಿ, "ನಾನು ಮಲಗುತ್ತಿದ್ದ ಸ್ಥಳ ಇನ್ನು ಬರಿದಾಗಿರುವುದು. ನಿನ್ನ ಮಡದಿಯನ್ನು ಕರೆದುಕೊಂಡು ಬಾ," ಎಂದಳು.

ಅಜ್ಜಿ ಏಕೆ ಹೋದಳೆಂದು ಆಗಲೂ ನನಗೆ ಅರ್ಥವಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಮ್ಮ ಹೇಳಿದಳು: "ಆ ಕೋಣೆಯಲ್ಲಿ ಇನ್ನೊಬ್ಬರಿಗೆ ಜಾಗ ಇರ್ಲಿಲ್ಲ. ಒಬ್ಬರು ಹೋಗದೆ ಒಬ್ಬರು ಬರುವ ಹಾಗೆ ಇರ್ಲಿಲ್ಲ. ಅತ್ತೆಗೆ ಹೋಗ್ಲಿಕ್ಕೆ ಒಂದು ಕಲೆ ಬೇಕಿತ್ತು, ಸಿಕ್ಕಿತು."

ಸಂಗಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಹೋಳಿ ಹಬ್ಬಕ್ಕೆ ಕಾಯಂ ಆದ. ಆಮೇಲೆ ಊರಿಗೆ ಹೋಗಿ ನೀಲವ್ವನನ್ನು ಕರೆದುಕೊಂಡು ಬಂದ. ಅವಳ ತಲೆಯ ಮೇಲೆ ಒಂದು ಹೊಸ ಕೌದಿ. ಒಳಗೆ ಕಾಲಿಟ್ಟವಳು ಅಮ್ಮನಿಗೆ ನಮಸ್ಕಾರ ಮಾಡಲು ಬಗ್ಗಿದಳು, ಬಗ್ಗಿದವಳ ಕಣ್ಣಿಗೆ ಗೋಡೆಯ ಮೇಲಿನ ಕೆಂಪು ಪಟ್ಟಿ ಬಿತ್ತು. "ಇದು ನನ್ನ ಸೆರಗಲ್ಲೇನು? ಮನಿ ಎಲ್ಲಾ ಹುಡುಕೀನಿ, ಇಲಿ ಕಡದಾವ ಅಂತ ಹೇಳಿದ್ರಲ್ಲ ನೀವು," ಎಂದು ಗಂಡನ ಕಡೆ ತಿರುಗಿದಳು. ಸಂಗಪ್ಪ ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಹೊರಗೆ ಹೋದ. ಅದು ಮಧ್ಯಾಹ್ನ, ನಲ್ಲಿಯಲ್ಲಿ ನೀರಿರಲಿಲ್ಲ.

ಅಮ್ಮ ನಕ್ಕು ನಕ್ಕು ಸುಸ್ತಾಗಿ, ಕೊನೆಯ ಮೊಳೆಯಿಂದ ಮಲ್‌ಮಲ್ ಪಟ್ಟಿ ತೆಗೆದು ಕೌದಿಯ ಅಂಚಿಗೆ ಹಿಡಿದು ಅಳತೆ ನೋಡಿದಳು. "ಇದು ನಮ್ಮ ಅತ್ತೆಯದ್ದು. ಬರುವವರಿಗೆ ಅಂತ ಇಟ್ಟು ಹೋಗಿದ್ದಾರೆ," ಎಂದಳು. ನೀಲವ್ವನಿಗೆ ಎಷ್ಟು ಅರ್ಥವಾಯಿತೋ, ಅದನ್ನು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮಳೆಗಾಲ ಶುರುವಾಗುವವರೆಗೆ, ತುರ್ಭೆಯಲ್ಲಿ ಅವರಿಗೆ ಒಂದು ಕೋಣೆ ಸಿಗುವವರೆಗೆ, ಅವಳು ಅಜ್ಜಿಯ ಜಾಗದಲ್ಲಿ ಅಜ್ಜಿಯ ಪಟ್ಟಿ ಹಾಕಿ ಮಲಗಿದಳು. ಹೋಗುವಾಗ ಒಗೆದು, ಒಣಗಿಸಿ, ಅದೇ ಮೊಳೆಗೆ ತೂಗುಹಾಕಿ ಹೋದಳು. ಅವಳಾದ ಮೇಲೆ ಇನ್ನೂ ಯಾರು ಯಾರೋ ಬಂದರು. ಆ ಮೊಳೆ ಖಾಲಿಯಾಗಲಿಲ್ಲ.

ಈಗ ನನಗೆ ಐರೋಲಿಯಲ್ಲಿ ಕಾಲು ಚಾಚುವಷ್ಟು ಹಾಸಿಗೆ ಇದೆ. ಹಾಸಿಗೆ ಇದ್ದರೂ ಕೆಲವು ರಾತ್ರಿ ಆ ಕೋಣೆ ನೆನಪಾಗುತ್ತದೆ. ಅಮ್ಮ, ಅಜ್ಜಿ, ಲಾರಿ ತುಂಬುವ ಕೈಯಲ್ಲಿ ಪುಟ್ಟ ಬಟನ್ ಒತ್ತಿದವನು, ಇವರೆಲ್ಲ ಇದ್ದ ಮನೆಯಲ್ಲಿ ನಾನು ಬೆಳೆದೆ ಎಂಬುದಕ್ಕೆ ಯಾರಿಗೆ ಕೃತಜ್ಞತೆ ಹೇಳಬೇಕೋ ತಿಳಿಯದೆ, ಹೊದಿಕೆಯ ಅಂಚನ್ನು ಗಲ್ಲಕ್ಕೆ ಎಳೆದುಕೊಂಡು ಸುಮ್ಮನೆ ಮಲಗುತ್ತೇನೆ. ಚೀಪುವುದನ್ನು ಬಿಟ್ಟಿದ್ದೇನೆ, ನಂಬಿ.

ಮಗಳು ತರಿಸಿದ ಎರಡು ಕವರುಗಳಲ್ಲಿ ಒಂದನ್ನು ನನ್ನ ಹೊದಿಕೆಗೆ ಹಾಕಿದೆ. ಇನ್ನೊಂದನ್ನು ಒಗೆದು, ಬಾಗಿಲ ಹಿಂದೆ ಮೊಳೆ ಹೊಡೆಸಿ ತೂಗುಹಾಕಿದೆ. "ಯೇ ಕಿಸ್ಕಾ ಹೈ ಅಮ್ಮಾ?" ಎಂದು ಮಗಳು ಕೇಳಿದಳು. ಬರುವವರದ್ದು ಎಂದೆ.